‘ಇನ್ನೊಂದು ಪಾರ್ಟಿ’ಯ ಬೆಲೆ ಕಾಗದದ ಮೇಲೆ ಬರಲಿ

ಮಾನ್ಯ ಸಂಪಾದಕರೇ,

ಮನೆ ಕೊಳ್ಳಲು ಹೊರಟವರಿಗೆ ದಲ್ಲಾಳಿಗಳು ಹೇಳುವ ಮಾತುಗಳಲ್ಲಿ ಒಂದು ಮಾತು ಊರು ಬದಲಾದರೂ ಬದಲಾಗುವುದಿಲ್ಲ: “ಇನ್ನೊಂದು ಪಾರ್ಟಿ ಇದ್ದಾರೆ ಸಾರ್, ನಾಳೆ ಬೆಳಿಗ್ಗೆ ಟೋಕನ್ ಹಾಕ್ತಾರೆ.” ಇದನ್ನು ನಂಬಬೇಕೇ ಬೇಡವೇ ಎಂಬುದು ಕೇಳುವುದಕ್ಕೆ ಸಣ್ಣ ಪ್ರಶ್ನೆ. ಆದರೆ ನಿವೃತ್ತಿಯಲ್ಲಿ ಬಂದ ಗಂಟನ್ನೋ ಇಪ್ಪತ್ತು ವರ್ಷದ ಬ್ಯಾಂಕ್ ಸಾಲವನ್ನೋ ಒಂದೇ ಸಹಿಗೆ ಒಪ್ಪಿಸಬೇಕಾದ ಕುಟುಂಬಕ್ಕೆ ಈ ಮಾತು ಕಿವಿಗೆ ಬಿದ್ದ ರಾತ್ರಿ ನಿದ್ದೆ ಬರುವುದಿಲ್ಲ. ಕಳೆದ ವರ್ಷ ಮೈಸೂರಿನಲ್ಲಿ ಮನೆ ಕೊಂಡ ನನಗೂ ಬರಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ದುಡಿದು, ಕೊಬ್ಬರಿಯ ಲಾಟುಗಳಿಗೆ ಬೀಳುವ ಬೆಲೆಗಳನ್ನು ಬರೆದುಕೊಳ್ಳುತ್ತಲೇ ತಲೆ ಹಣ್ಣಾಗಿಸಿಕೊಂಡವನಾದ ನಾನೂ ಆ ಒಂದು ಮಾತಿಗೆ ಅಲುಗಾಡಿದೆ ಎಂಬುದನ್ನು ತುಸು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ನಾವು ಮೆಚ್ಚಿದ್ದು ಬೋಗಾದಿ ಕಡೆಯ ಮೂವತ್ತು ನಲವತ್ತರ ನಿವೇಶನದಲ್ಲಿದ್ದ ಹಳೆಯ ಮನೆ. ಕೆಳಗೆ ಎರಡು ಕೋಣೆ, ಮಹಡಿಯ ಮೇಲೆ ಒಂದು, ಹಿತ್ತಲಿನಲ್ಲಿ ನುಗ್ಗೆಮರ. ಹೇಳಿದ ಬೆಲೆ ಒಂದು ಕೋಟಿ ಎಂಟು ಲಕ್ಷ. ನಾವು ಕೇಳಿದ್ದು ಒಂದು ಕೋಟಿ. “ಓನರ್ ಹತ್ರ ಮಾತಾಡಿ ಹೇಳ್ತೀನಿ” ಎಂದು ದಲ್ಲಾಳಿ ಹೋದರು. ನನ್ನ ಕಣ್ಣಿಗೆ ಕಾಣದ ದೋಷಗಳು ಬೇರೆಯವರ ಕಣ್ಣಿಗೆ ಬೀಳಬಹುದೆಂದು, ಮೈಸೂರಿನಲ್ಲೇ ಇರುವ ನನ್ನ ಭಾವಮೈದುನನಿಗೆ ಒಮ್ಮೆ ನೋಡಿಬರಲು ಹೇಳಿದೆ. ಆ ಮನೆಯ ಗೇಟಿಗೆ ಬೇರೊಬ್ಬ ದಲ್ಲಾಳಿಯ ಫೋನ್ ನಂಬರು ಬರೆದ ಹಲಗೆಯೂ ಇದ್ದುದರಿಂದ ಆತ ಆ ನಂಬರಿಗೇ ಫೋನ್ ಮಾಡಿ, ಭಾನುವಾರ ಸಂಜೆ ಹೋಗಿ, ಸಂಪಿನ ಮುಚ್ಚಳ ತೆಗೆಸಿ ನೋಡಿ, ಮಹಡಿಯ ಮೋರಿಯಲ್ಲಿ ನೀರು ನಿಲ್ಲುತ್ತದೆಯೇ ಎಂದು ಒಂದು ಚೊಂಬು ನೀರು ಸುರಿಸಿ ಬಂದ. ಬೆಲೆಯ ಮಾತನ್ನು ಆತ ಎತ್ತಲೇ ಇಲ್ಲ. ಯಾವ ಊರೆಂದು ಕೇಳಿದ್ದಕ್ಕೆ ಅರಸೀಕೆರೆ ಎಂದಿದ್ದನಷ್ಟೆ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ದಲ್ಲಾಳಿಯ ಫೋನು ಬಂತು. “ನಿನ್ನೆ ಸಂಜೆ ಒಬ್ರು ನೋಡ್ಕೊಂಡು ಹೋದ್ರು ಸಾರ್, ಅರಸೀಕೆರೆ ಕಡೆಯವ್ರು. ತೆಂಗಿನ ತೋಟ ಮಾರಿ ಬಂದವ್ರೆ, ಪೂರ್ತಿ ಕ್ಯಾಷ್ ಪಾರ್ಟಿ. ಒಂದು ಹತ್ತಕ್ಕೆ ಫೈನಲ್ ಅಂತಾವ್ರೆ. ನೀವು ಇವತ್ತೇ ಏನಾದ್ರೂ ಹೇಳಿದ್ರೆ ನಾನು ಅವ್ರನ್ನ ತಡೀಬಹುದು.” ಆ ಅರಸೀಕೆರೆಯವರು ನನ್ನೆದುರಿನ ಕುರ್ಚಿಯಲ್ಲೇ ಕಾಫಿ ಲೋಟ ಹಿಡಿದು ಕುಳಿತಿದ್ದರು. ನಿವೃತ್ತ ಹೈಸ್ಕೂಲು ಮೇಷ್ಟರಾದ ನನ್ನ ಭಾವಮೈದುನನಿಗೆ ತೋಟವಿರಲಿ, ಮನೆಯ ಮುಂದೆ ಒಂದು ತೆಂಗಿನ ಸಸಿಯೂ ಇಲ್ಲ.

ಇದನ್ನು ಹೇಳಿ ನಗಿಸುವುದು ನನ್ನ ಉದ್ದೇಶವಲ್ಲ, ಈ ಪ್ರಸಂಗವನ್ನು ಬಿಚ್ಚಿ ನೋಡಿದರೆ ತಿಳಿಯುವುದು ಬಹಳ ಇದೆ. ಆ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಒಬ್ಬ ಮನುಷ್ಯ ನಿಜವಾಗಿಯೂ ಬಂದಿದ್ದ, ಮನೆ ನೋಡಿದ್ದ, ಅರಸೀಕೆರೆ ಎಂದಿದ್ದ. ಎರಡನೆಯ ದಲ್ಲಾಳಿ ಮೊದಲನೆಯವರಿಗೆ “ಪಾರ್ಟಿ ಬಂದಿತ್ತು” ಎಂದಿರಬೇಕು. ಇವರ ಬಾಯಿಂದ ಹೊರಡುವಷ್ಟರಲ್ಲಿ ಅದಕ್ಕೆ ತೋಟ, ನಗದು ಮತ್ತು ಒಂದು ಕೋಟಿ ಹತ್ತು ಲಕ್ಷದ ಬೆಲೆ ಸೇರಿಕೊಂಡಿತ್ತು. ನಮ್ಮ ಊರುಗಳಲ್ಲಿ ಒಂದೇ ಮನೆಯ ಮಾರಾಟಕ್ಕೆ ಮೂರು ನಾಲ್ಕು ಮಂದಿ ಓಡಾಡುತ್ತಾರೆ. ಒಂದೇ ಕುಟುಂಬದ ಗಂಡ ಒಬ್ಬರ ಮೂಲಕ, ಅಳಿಯ ಇನ್ನೊಬ್ಬರ ಮೂಲಕ ವಿಚಾರಿಸಿದರೆ ದಲ್ಲಾಳಿಗಳ ಲೆಕ್ಕದಲ್ಲಿ ಅದು ಎರಡು ಪಾರ್ಟಿ. ಹಾಗಾಗಿ “ಇನ್ನೊಬ್ಬರು ಇದ್ದಾರೆಯೇ” ಎಂದು ಕೇಳುವುದರಿಂದ ಪ್ರಯೋಜನ ಕಡಿಮೆ. ಯಾರೋ ಇದ್ದೇ ಇರುತ್ತಾರೆ. ಆ ‘ಯಾರೋ’ ಒಂದು ಮೊತ್ತವನ್ನು ಹೇಳಿದ್ದಾರೆಯೇ, ಯಾರೆದುರು, ಯಾವ ರೂಪದಲ್ಲಿ ಎಂದು ಕೇಳಿದಾಗ ಮಾತ್ರ ಉತ್ತರ ತೆಳುವಾಗತೊಡಗುತ್ತದೆ.

ದಲ್ಲಾಳಿಗಳು ಬೆಲೆ ಏರಿಸುವುದಕ್ಕಾಗಿ ಹೀಗೆ ಹೇಳುತ್ತಾರೆಂದು ಸಾಮಾನ್ಯವಾಗಿ ಎಲ್ಲರೂ ತಿಳಿಯುತ್ತಾರೆ. ಲೆಕ್ಕ ಹಾಕಿ ನೋಡಿದರೆ ಅದು ಅರ್ಧ ನಿಜ. ನಮ್ಮಲ್ಲಿ ಮಾತಾಗಿದ್ದ ಕಮಿಷನ್ ಎರಡೂ ಕಡೆಯಿಂದ ನೂರಕ್ಕೆ ಒಂದು. ಒಂದು ಕೋಟಿಗೆ ವ್ಯಾಪಾರ ಕುದುರಿದರೆ ಎರಡು ಲಕ್ಷ ರೂಪಾಯಿ, ಒಂದು ಕೋಟಿ ಎಂಟು ಲಕ್ಷಕ್ಕೆ ಕುದುರಿದರೆ ಎರಡು ಲಕ್ಷದ ಹದಿನಾರು ಸಾವಿರ. ಕೊಳ್ಳುವವನಿಂದ ಎಂಟು ಲಕ್ಷ ಹೆಚ್ಚು ಕೀಳಿಸಿದ ಶ್ರಮಕ್ಕೆ ಅವರಿಗೆ ಸಿಗುವುದು ಹದಿನಾರು ಸಾವಿರ, ಅದೂ ನಡುವೆ ಇರುವ ಇತರರೊಂದಿಗೆ ಹಂಚಿಕೊಂಡ ಮೇಲೆ ಇನ್ನೂ ಕಡಿಮೆ. ಆದರೆ ಆ ಮನೆ ಗೇಟಿನ ಹಲಗೆಯ ದಲ್ಲಾಳಿಯ ಮೂಲಕ ಕೈಬದಲಾದರೆ ಇವರಿಗೆ ಎರಡು ಲಕ್ಷವೂ ಹೋದಂತೆ. ಆದ್ದರಿಂದ ಅವರಿಗೆ ಬೇಕಾಗಿರುವುದು ಬೆಲೆಗಿಂತ ಹೆಚ್ಚಾಗಿ ಬೇಗ. ಇದಕ್ಕೆ ಒಂದು ಅಪವಾದವಿದೆ, ಅದನ್ನು ಕೊಳ್ಳುವವರು ತಿಳಿದಿರಬೇಕು. ಕೆಲವು ಮಾಲೀಕರು “ನನ್ನ ಕೈಗೆ ಇಷ್ಟು ಬಂದರೆ ಸಾಕು, ಮೇಲಿನದ್ದು ನಿಮ್ಮದು” ಎಂದು ನೆಟ್ ರೇಟ್ ಹೇಳಿಬಿಟ್ಟಿರುತ್ತಾರೆ. ಆಗ ಆ ಎಂಟು ಲಕ್ಷವೆಲ್ಲ ದಲ್ಲಾಳಿಯದೇ. ಅರಸೀಕೆರೆಯ ತೋಟಕ್ಕೆ ಇನ್ನಷ್ಟು ತೆಂಗಿನಮರ ಬೆಳೆಯುತ್ತವೆ. ಮಾಲೀಕರನ್ನು ನೇರವಾಗಿ ಭೇಟಿ ಮಾಡಿಸಲು ಹಿಂದೆ ಮುಂದೆ ನೋಡುವವರಿದ್ದರೆ ಇಂಥದ್ದೊಂದು ಒಪ್ಪಂದವಿರಬಹುದೆಂದು ಸಂಶಯಿಸುವುದರಲ್ಲಿ ತಪ್ಪಿಲ್ಲ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಮಾರುಕಟ್ಟೆ ಪ್ರಾಂಗಣದಲ್ಲಿ ವರ್ತಕರು ಲಾಟುಗಳನ್ನು ನೋಡಿ, ಕೊಬ್ಬರಿಯನ್ನು ಕೈಯಲ್ಲಿ ಅಲ್ಲಾಡಿಸಿ, ಲಾಟಿನ ಸಂಖ್ಯೆಯನ್ನೂ ಕ್ವಿಂಟಲ್ಲಿಗೆ ಕೊಡುವ ದರವನ್ನೂ ತಮ್ಮ ಹೆಸರಿನೊಂದಿಗೆ ಚೀಟಿಯಲ್ಲಿ ಬರೆದು ಟೆಂಡರ್ ಪೆಟ್ಟಿಗೆಗೆ ಹಾಕುತ್ತಿದ್ದರು. ಪೆಟ್ಟಿಗೆ ತೆರೆಯುವವರೆಗೆ ಒಬ್ಬನ ದರ ಇನ್ನೊಬ್ಬನಿಗೆ ಗೊತ್ತಾಗುತ್ತಿರಲಿಲ್ಲ. ತೆರೆದ ಮೇಲೆ ಹೆಚ್ಚಿನ ದರ ಯಾರದೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಆ ದರ ಒಪ್ಪಿಗೆಯಾಗದಿದ್ದರೆ ರೈತ ತನ್ನ ಮಾಲನ್ನು ಕೊಡದೆ ಇಟ್ಟುಕೊಳ್ಳಬಹುದಿತ್ತು. 2014ರಿಂದ ರಾಜ್ಯದ ಮಾರುಕಟ್ಟೆಗಳಲ್ಲಿ ಈ ಕೆಲಸ ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ಕಂಪ್ಯೂಟರಿಗೆ ಹೋಯಿತು, ಆದರೂ ತತ್ವ ಅದೇ: ಹೆಸರಿಲ್ಲದ ಬೆಲೆ ಬೆಲೆಯೇ ಅಲ್ಲ. ಕರಾರುವಾಕ್ಕಾದ ಇಂಥ ಪದ್ಧತಿಗೂ ಮೊದಲು, ಇಂದಿಗೂ ನಮ್ಮ ದನಗಳ ಜಾತ್ರೆಗಳಲ್ಲಿ ಕಾಣುವಂತೆ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುವುದಿತ್ತು. ಅದನ್ನು ಕತ್ತಲೆಯ ವ್ಯಾಪಾರವೆಂದು ನಾವೆಲ್ಲ ಮೂಗು ಮುರಿದವರೇ. ಆದರೆ ಟವೆಲ್ಲಿನ ಕೆಳಗೆ ಕಡೇಪಕ್ಷ ಎರಡು ನಿಜವಾದ ಕೈಗಳಿರುತ್ತವೆ. ಹತ್ತು ಚೀಲ ಕೊಬ್ಬರಿ ಮಾರುವ ರೈತನಿಗಿರುವ ಈ ಖಾತ್ರಿ ಒಂದು ಕೋಟಿಯ ಮನೆ ಕೊಳ್ಳುವವನಿಗೆ ಇಲ್ಲ. ಅವನ ಪೈಪೋಟಿಗಾರ ಯಾರು, ಎಷ್ಟು ಹೇಳಿದ ಎಂಬುದನ್ನು ಅವನಿಗೆ ತಿಳಿಸುವವರು, ಆ ಸುದ್ದಿಯಿಂದಲೇ ಲಾಭವಿರುವ ಒಬ್ಬರು ಮಾತ್ರ.

ಕಾನೂನಿನಲ್ಲೂ ಈ ವಿಚಿತ್ರವಿದೆ. 1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ, ಹರಾಜಿನಲ್ಲಿ ಮಾರುವವನು ಬೆಲೆ ಏರಿಸಲು ಸೋಗಿನ ಕೂಗು ಕೂಗಿಸಿದರೆ ಕೊಂಡವನು ಆ ಮಾರಾಟವನ್ನು ರದ್ದುಪಡಿಸಬಹುದು. ಹರಾಜಿನಲ್ಲಿ ಕೊಂಡ ಒಂದು ಹಳೆಯ ಬೀರುವಿಗೆ ಈ ರಕ್ಷಣೆ ಉಂಟು. ಆ ಬೀರುವನ್ನು ಇಡುವ ಮನೆ ಸರಕಿನ ವ್ಯಾಖ್ಯೆಗೆ ಬರುವುದಿಲ್ಲ, ಫೋನಿನ ಮಾತು ಹರಾಜಿನ ವ್ಯಾಖ್ಯೆಗೆ ಬರುವುದಿಲ್ಲ. 1872ರ ಕರಾರು ಕಾಯ್ದೆಯಲ್ಲಿ ವಂಚನೆ, ತಪ್ಪು ನಿರೂಪಣೆಗಳ ಬಗ್ಗೆ ಸೆಕ್ಷನ್ನುಗಳಿವೆ ನಿಜ, ಆದರೆ ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಫೋನಿನಲ್ಲಿ ಯಾರು ಏನು ಹೇಳಿದರೆಂದು ನ್ಯಾಯಾಲಯದಲ್ಲಿ ಸಾಬೀತುಪಡಿಸುತ್ತಾ ಕೂರುವ ಆಯಸ್ಸು ನನ್ನ ವಯಸ್ಸಿನವರಿಗೆ ಉಳಿದಿಲ್ಲ.

ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆ ಬಂದಾಗ ದಲ್ಲಾಳಿಗಳಿಗೂ ಲಗಾಮು ಬಿತ್ತೆಂದು ಪತ್ರಿಕೆಗಳಲ್ಲಿ ಓದಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಕಾಯ್ದೆಯ 9ನೇ ಸೆಕ್ಷನ್ ಏಜೆಂಟರು ನೋಂದಣಿ ಮಾಡಿಸಿಕೊಳ್ಳಲೇಬೇಕೆನ್ನುತ್ತದೆ, 10ನೇ ಸೆಕ್ಷನ್ ಅವರು ಲೆಕ್ಕಪತ್ರ ಇಡಬೇಕು, ಸುಳ್ಳು ಹೇಳಿಕೆಗಳಂಥ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ತೊಡಗಬಾರದು ಎನ್ನುತ್ತದೆ, 62ನೇ ಸೆಕ್ಷನ್ ದಿನಕ್ಕೆ ಹತ್ತು ಸಾವಿರ ರೂಪಾಯಿಯಂತೆ ಆಸ್ತಿಯ ಬೆಲೆಯ ಶೇ 5ರವರೆಗೆ ದಂಡ ವಿಧಿಸುತ್ತದೆ. ಆದರೆ ಇವೆಲ್ಲವೂ ರೇರಾದಲ್ಲಿ ನೋಂದಣಿಯಾದ ಯೋಜನೆಗಳ ನಿವೇಶನ, ಅಪಾರ್ಟ್‌ಮೆಂಟುಗಳ ವ್ಯವಹಾರಕ್ಕೆ. ಅಪ್ಪ ಕಟ್ಟಿಸಿದ ಮನೆಯನ್ನು ಮಗ ಮಾರುವ, ಮೈಸೂರು, ದಾವಣಗೆರೆ, ಹಾಸನದ ಬಡಾವಣೆಗಳಲ್ಲಿ ದಿನವೂ ನಡೆಯುವ ಮರುಮಾರಾಟಕ್ಕೆ ನಿಂತ ದಲ್ಲಾಳಿಗೆ ಯಾವ ನೋಂದಣಿಯೂ ಬೇಕಿಲ್ಲ. ಒಂದು ಫೋನು, ಒಂದು ಸ್ಕೂಟರು ಇದ್ದರಾಯಿತು.

ದಲ್ಲಾಳಿಗಳೆಲ್ಲರೂ ಸುಳ್ಳುಗಾರರೆಂದು ಬರೆದರೆ ಅದೂ ಸುಳ್ಳಾದೀತು. ಬೋಗಾದಿಯ ಮನೆಗೂ ಮೊದಲು ಸರಸ್ವತಿಪುರಂನಲ್ಲಿ ಒಂದು ಮನೆ ನೋಡಿದ್ದೆವು. ಅಲ್ಲಿನ ದಲ್ಲಾಳಿ, ವಯಸ್ಸಾದ ಮಿತಭಾಷಿ, “ಬೇರೆಯವರು ಬರ್ತಾ ಇದಾರೆ, ನಿಮ್ಮಿಷ್ಟ” ಎಂದಷ್ಟೇ ಹೇಳಿದ್ದರು. ಇದು ಎಲ್ಲರೂ ಹಾಡುವ ಹಾಡೆಂದು ಒಂದು ವಾರ ಬಿಟ್ಟು ಹೋದರೆ ಮನೆ ಹೋಗಿತ್ತು. ಆಮೇಲೆ ಕುತೂಹಲಕ್ಕೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಆ ಆಸ್ತಿಯ ಋಣಭಾರ ಪ್ರಮಾಣಪತ್ರ ತೆಗೆಸಿದಾಗ, ಆರು ವಾರದೊಳಗೆ ಕ್ರಯಪತ್ರ ನೋಂದಣಿಯಾಗಿದ್ದುದು ಕಂಡಿತು. ಆದರೆ ಅದರಲ್ಲಿ ನಮೂದಾಗಿದ್ದ ಮೊತ್ತ, ನಾವು ಕೇಳಿದ್ದ ಬೆಲೆಗಿಂತಲೂ ಬಹಳ ಕಡಿಮೆ, ಸರ್ಕಾರ ನಿಗದಿಪಡಿಸುವ ಮಾರ್ಗಸೂಚಿ ದರದ ಆಸುಪಾಸಿನದು. ಪೈಪೋಟಿಯ ಮಾತು ಇಷ್ಟು ಸಲೀಸಾಗಿ ಚಲಾವಣೆಯಾಗುವುದಕ್ಕೆ ದೊಡ್ಡ ಕಾರಣ ಇಲ್ಲಿದೆಯೆಂದು ನನ್ನ ಅನಿಸಿಕೆ. ಪಕ್ಕದ ರಸ್ತೆಯ ಮನೆ ನಿಜವಾಗಿ ಎಷ್ಟಕ್ಕೆ ಹೋಯಿತೆಂದು ಹೇಳುವ ದಾಖಲೆಯೇ ನಮ್ಮಲ್ಲಿ ಇಲ್ಲ. ಕಾಗದದಲ್ಲಿ ಒಂದು, ಕೈಯಲ್ಲಿ ಒಂದು ಎಂಬ ಪದ್ಧತಿಯಲ್ಲಿ ಮುದ್ರಾಂಕ ಶುಲ್ಕ ಉಳಿಸಿಕೊಳ್ಳುವ ನಾವೇ, ನಿಜವಾದ ಬೆಲೆ ತಿಳಿಯಲು ಕೊನೆಗೆ ದಲ್ಲಾಳಿಯ ಬಾಯನ್ನೇ ನೋಡಬೇಕಾಗಿದೆ.

ಬೋಗಾದಿಯ ಮನೆಯ ವಿಷಯಕ್ಕೆ ಮರಳುತ್ತೇನೆ. ಭಾವಮೈದುನ ಎದುರಿಗಿಲ್ಲದೆ ಹೋಗಿದ್ದರೆ ನಾನು ಅಂದೇ ಐದು ಲಕ್ಷ ಟೋಕನ್ ಕೊಟ್ಟುಬಿಡುತ್ತಿದ್ದೆ. ನನ್ನ ಪತ್ನಿ ಚೆಕ್ ಪುಸ್ತಕವನ್ನು ಹೊರಗೆ ತೆಗೆದಿಟ್ಟೂ ಆಗಿತ್ತು. ದಲ್ಲಾಳಿ ಕೇಳುತ್ತಿದ್ದುದು ಚೆಕ್ಕನ್ನಲ್ಲ, ನಗದನ್ನು. ಸ್ಥಿರಾಸ್ತಿಯ ಮುಂಗಡವಾಗಿ ಇಪ್ಪತ್ತು ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾಯ್ದೆ 2015ರಿಂದಲೇ ನಿಷೇಧಿಸಿತ್ತೆಂಬುದನ್ನು ನಾನು ನೆನಪಿಸಿದಾಗ, “ಅದೆಲ್ಲ ದೊಡ್ಡವರಿಗೆ ಸಾರ್” ಎಂಬ ಉತ್ತರ ಬಂತು. ನಾವು ಮೂರು ದಿನ ಸುಮ್ಮನಿದ್ದು, ಆಮೇಲೆ ಎರಡೇ ಕೋರಿಕೆ ಮುಂದಿಟ್ಟೆವು. ಮಾಲೀಕರನ್ನು ಅವರ ಮನೆಯಲ್ಲೇ ಭೇಟಿಯಾಗಬೇಕು, ಮತ್ತು ಕಾಗದಪತ್ರಗಳ ನಕಲನ್ನು ನಮ್ಮ ವಕೀಲರು ನೋಡುವವರೆಗೆ ಬೆಲೆಯ ಮಾತಿಲ್ಲ. ಅರಸೀಕೆರೆಯವರು ಮುಂದೆ ಬಂದರೆ ಅವರಿಗೇ ಕೊಡಿ, ನಮಗೆ ಬೇಸರವಿಲ್ಲ ಎಂದೂ ಸೇರಿಸಿದೆವು.

ವಕೀಲರು ಕಾಗದ ನೋಡಿದ ಮೇಲೆ ನಿಜವಾದ ವಿಷಯ ಹೊರಬಿತ್ತು. ನಿವೇಶನ ಮಂಜೂರಾಗಿದ್ದು ಮಾಲೀಕರ ತಂದೆಗೆ. ಅವರು ಉಯಿಲು ಬರೆಯದೆ ತೀರಿಕೊಂಡಿದ್ದರು. ಖಾತೆ ಮಗನ ಹೆಸರಿಗೆ ಬದಲಾಗಿತ್ತು. ಆದರೆ ಖಾತೆಯೆಂಬುದು ತೆರಿಗೆ ಕಟ್ಟುವವರು ಯಾರೆಂದು ತಿಳಿಸುವ ದಾಖಲೆ, ಹಕ್ಕು ಕೊಡುವ ದಾಖಲೆಯಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹುಬ್ಬಳ್ಳಿಯಲ್ಲಿರುವ ಮಗಳಿಗೂ ಆ ಮನೆಯಲ್ಲಿ ಅಣ್ಣನಷ್ಟೇ ಪಾಲಿತ್ತು. ಆಕೆಯ ಸಹಿಯ ಪ್ರಸ್ತಾಪವನ್ನೇ ಯಾರೂ ಎತ್ತಿರಲಿಲ್ಲ. ಮಾಲೀಕರು ಕೆಟ್ಟವರೇನಲ್ಲ, ತಂಗಿ ಬರುತ್ತಾಳೆ, ಸಹಿ ಹಾಕುತ್ತಾಳೆ ಎಂದೇ ಅವರು ನಂಬಿದ್ದರು. ಆಕೆ ಬಂದರು, ಹಕ್ಕು ಬಿಡುಗಡೆ ಪತ್ರ ನೋಂದಣಿಯಾಯಿತು, ಅಣ್ಣ ಆಕೆಗೆ ಎಷ್ಟು ಕೊಟ್ಟರೆಂಬುದು ಅವರ ಮನೆಯ ವಿಷಯ. ಇದಕ್ಕೆಲ್ಲ ಹಿಡಿದದ್ದು ಹತ್ತೊಂಬತ್ತು ದಿನ. ಆ ಹತ್ತೊಂಬತ್ತು ದಿನಗಳಲ್ಲಿ ‘ನಾಳೆ ಬೆಳಿಗ್ಗೆ ಟೋಕನ್ ಹಾಕುವ’ ಯಾರೂ ಬರಲಿಲ್ಲ, ಮನೆ ನಮಗೆ ಒಂದು ಕೋಟಿ ಎರಡು ಲಕ್ಷಕ್ಕೆ ಆಯಿತು.

ಸುಳ್ಳು ಪೈಪೋಟಿಯಿಂದ ಕೊಳ್ಳುವವನಿಗೆ ನಾಲ್ಕೈದು ಲಕ್ಷ ಹೆಚ್ಚು ಬೀಳುತ್ತದೆಂಬುದು ದೊಡ್ಡ ದೂರಲ್ಲ. ಮೆಚ್ಚಿದ ಮನೆಗೆ ನಾಲ್ಕು ಲಕ್ಷ ಹೆಚ್ಚು ಕೊಟ್ಟವರು ಹತ್ತು ವರ್ಷದ ಮೇಲೆ ಅದನ್ನು ಮರೆಯುತ್ತಾರೆ. ಅದು ಕಸಿದುಕೊಳ್ಳುವುದು ಕಾಗದ ನೋಡುವ ಆ ಹತ್ತೊಂಬತ್ತು ದಿನಗಳನ್ನು. ತಂಗಿಯ ಸಹಿಯಿಲ್ಲದ ಕ್ರಯಪತ್ರ ಹಿಡಿದು, ಐದು ವರ್ಷದ ಮೇಲೆ ಸಿವಿಲ್ ನ್ಯಾಯಾಲಯದಿಂದ ನೋಟಿಸು ಬಂದಾಗ, ಕಮಿಷನ್ ಪಡೆದವರು ಫೋನ್ ನಂಬರು ಬದಲಿಸಿರುತ್ತಾರೆ. ಹಾಗಾಗಿ ನನ್ನನ್ನು ಕೇಳಿದ ಸ್ನೇಹಿತರಿಗೆಲ್ಲ ನಾನು ಹೇಳುತ್ತಿರುವುದು, ದಲ್ಲಾಳಿಯ ಮಾತನ್ನು ನಿಜವೆಂದೇ ಇಟ್ಟುಕೊಳ್ಳಿ ಎಂದು. ನಿಜವಾಗಿ ಇನ್ನೊಬ್ಬರು ಒಂದು ಕೋಟಿ ಹತ್ತು ಲಕ್ಷಕ್ಕೆ ಸಿದ್ಧರಿದ್ದರೂ ಅವರೂ ಕಾಗದ ನೋಡಲೇಬೇಕು, ಬ್ಯಾಂಕಿನಿಂದ ಸಾಲ ತೆಗೆಯುವವರಾದರೆ ಬ್ಯಾಂಕಿನ ವಕೀಲರೂ ನೋಡಲೇಬೇಕು. ನೋಡದೆ ಕೊಳ್ಳುವವರೊಂದಿಗೆ ಓಟ ಕಟ್ಟಿ ಗೆದ್ದರೆ ಸಿಗುವುದು ಅವರು ನೋಡದೇ ಬಿಟ್ಟ ಮನೆ.

ಇನ್ನು ಸರ್ಕಾರ ಮಾಡಬಹುದಾದ ಕೆಲಸ. ಬ್ರಿಟನ್ನಿನಲ್ಲಿ 1991ರಲ್ಲೇ ಹೊರಡಿಸಿದ ಆದೇಶವೊಂದು, ಇಲ್ಲದ ಬೇಡಿಕೆಯನ್ನು ಇದೆಯೆಂದು ಹೇಳುವುದನ್ನು ಎಸ್ಟೇಟ್ ಏಜೆಂಟರು ಮಾಡಬಾರದ ಕೆಲಸಗಳ ಪಟ್ಟಿಗೆ ಸೇರಿಸಿತು. ನಾರ್ವೆಯಲ್ಲಿ ಮನೆಗೆ ಬಂದ ಬೆಲೆಗಳೆಲ್ಲ ಲಿಖಿತವಾಗಿರಬೇಕು, ವ್ಯವಹಾರ ಮುಗಿದ ಮೇಲೆ ಆ ಬೆಲೆಗಳ ದಾಖಲೆಯನ್ನು ಕೊಂಡವರ ಕೈಗೆ ಕೊಡಬೇಕು. ಅಷ್ಟು ದೂರ ಹೋಗುವುದು ಬೇಡವೆಂದರೆ ಹರಿಯಾಣವನ್ನು ನೋಡಬಹುದು. ರೇರಾಕ್ಕೂ ಮೊದಲೇ, 2008ರಲ್ಲಿ, ಆಸ್ತಿ ದಲ್ಲಾಳಿಗಳು ಲೈಸೆನ್ಸ್ ಪಡೆಯಬೇಕೆಂಬ ಕಾಯ್ದೆಯನ್ನು ಆ ರಾಜ್ಯ ಮಾಡಿಕೊಂಡಿತು. ಕೃಷಿ ಭೂಮಿಯಲ್ಲದ ಆಸ್ತಿಯ ವರ್ಗಾವಣೆ, ಪತ್ರಗಳ ನೋಂದಣಿ, ಕರಾರುಗಳು ಇವೆಲ್ಲವೂ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ಕೇಂದ್ರ ಎಂದೋ ರೇರಾ ತಿದ್ದುವವರೆಗೆ ಕರ್ನಾಟಕ ಕಾಯಬೇಕಾಗಿಲ್ಲ. ಮರುಮಾರಾಟದ ದಲ್ಲಾಳಿಗಳಿಗೂ ನೋಂದಣಿ ಸಂಖ್ಯೆ ಬರಲಿ. ಕ್ರಯಪತ್ರದಲ್ಲಿ ಸಾಕ್ಷಿಗಳ ಹೆಸರಿರುವಂತೆ, ದಲ್ಲಾಳಿಯ ಹೆಸರೂ ಅವರು ಯಾರ ಯಾರಿಂದ ಎಷ್ಟೆಷ್ಟು ಕಮಿಷನ್ ಪಡೆದರೆಂಬುದೂ ಒಂದು ಸಾಲಿನಲ್ಲಿ ನಮೂದಾಗಲಿ. ನೆಟ್ ರೇಟಿನ ಆಟ ಆ ಒಂದು ಸಾಲಿಗೇ ಅರ್ಧ ನಿಲ್ಲುತ್ತದೆ. ಬೇರೊಬ್ಬರ ಬೆಲೆಯನ್ನು ಉಲ್ಲೇಖಿಸುವ ದಲ್ಲಾಳಿ ಅದನ್ನು ದಿನಾಂಕ, ಮೊತ್ತ ಸಹಿತ ಬರೆದುಕೊಡಬೇಕು, ಹೆಸರನ್ನು ಬೇಕಾದರೆ ಮುಚ್ಚಿಡಲಿ, ದೂರು ಬಂದಾಗ ಮಾತ್ರ ಅಧಿಕಾರಿಗಳೆದುರು ತೆರೆದು ತೋರಿಸಲಿ. ಪ್ರಾಮಾಣಿಕ ದಲ್ಲಾಳಿಗಳಿಗೆ, ಸರಸ್ವತಿಪುರಂನ ಆ ಹಿರಿಯರಂಥವರಿಗೆ, ಇದರಿಂದ ನಷ್ಟವಿಲ್ಲ. ಅವರ ಮಾತನ್ನು ನಾನು ನಂಬದೇ ಹೋದದ್ದು ಉಳಿದವರ ದೆಸೆಯಿಂದ.

ಕೊನೆಯದಾಗಿ ಒಂದು ಮಾಹಿತಿ. ನಮ್ಮ ಕ್ರಯಪತ್ರ ನೋಂದಣಿಯಾಗಿ, ಹಾಲು ಉಕ್ಕಿಸಿ, ನಾವು ಆ ಮನೆಯಲ್ಲಿ ವಾಸ ಶುರುಮಾಡಿ ಎರಡು ವಾರವಾದ ಮೇಲೆ ಭಾವಮೈದುನನಿಗೆ ಗೇಟಿನ ಹಲಗೆಯ ದಲ್ಲಾಳಿಯಿಂದ ಫೋನು ಬಂದಿದೆ. ಬೋಗಾದಿಯ ಆ ಮನೆಗೆ ಬೇರೆ ಪಾರ್ಟಿ ಬಂದಿದ್ದಾರಂತೆ, ಬೇಗ ನಿರ್ಧಾರ ಹೇಳಬೇಕಂತೆ. ಹಲಗೆಯನ್ನು ನಾನು ಬಿಚ್ಚಿ ಮಹಡಿಯ ಕೋಣೆಯಲ್ಲಿ ಇಟ್ಟಿದ್ದೇನೆ, ಬಂದು ತೆಗೆದುಕೊಂಡು ಹೋಗಲೆಂದು ಅವರಿಗೆ ತಿಳಿಸಲಾಗಿದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಎ.ಪಿ.ಎಂ.ಸಿ. ನೌಕರ, ಮೈಸೂರು